ಅಜ್ಜಿಯ ಕೆಂಪು ಚಾಕ್‌ಪೀಸು ಮತ್ತು ರೋಮಿಗೆ ಎರಡು ಪ್ರದಕ್ಷಿಣೆ

ಮೊನ್ನೆ ನಮ್ಮ ಮನೆಯಲ್ಲಿ ಕೂಲರ್ ಇಳಿಸುವ ಹಬ್ಬ. ನೀವು ಯುಗಾದಿಗೆ ಬೇವು-ಬೆಲ್ಲ ತಿಂದು ಸುಮ್ಮನಾಗುತ್ತೀರಿ. ನಾಗಪುರದಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಬೇವು ಗಂಟಲಿಳಿಯುವ ಮೊದಲೇ ಬಿಸಿಲು ಬಾಗಿಲು ಬಡಿಯುತ್ತದೆ. ಅಟ್ಟದ ಮೇಲಿನ ತಗಡಿನ ಕೂಲರನ್ನು ಇಳಿಸಬೇಕು, ಮೂರು ಬದಿಗೂ ಹೊಸ ಹುಲ್ಲು ತುಂಬಬೇಕು, ಪಂಪಿಗೆ ಕೈಮುಗಿದು ನೀರು ಬಿಡಬೇಕು. ನಮ್ಮ ಕೂಲರಿನ ಫ್ಯಾನು ತಿರುಗಿದರೆ ಬಜಾಜ್ ನಗರದ ಎರಡು ಗಲ್ಲಿಯ ನಾಯಿಗಳು ಹೆಲಿಕಾಪ್ಟರ್ ಬಂತೆಂದು ಓಡುತ್ತವೆ. ಎರಡು ಗಲ್ಲಿ ಅಂದರೆ ಸ್ವಲ್ಪ ಜಾಸ್ತಿಯಾಯಿತೇನೋ; ಒಂದೂವರೆ ಅನ್ನಿ.

ಆ ಕೂಲರಿನ ಹೊಟ್ಟೆಗೆ ಕೈ ಹಾಕಿದಾಗ ಎಂಟು ಮಡಿಕೆಯ ಕಾಗದವೊಂದು ಸಿಕ್ಕಿತು. ಇಟಲಿಯ ರಸ್ತೆ ನಕಾಶೆ. ವೆನಿಸ್ ಇರಬೇಕಾದ ಜಾಗದಲ್ಲಿ ಅಮ್ಮನ ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆ ನಿಂತಿತ್ತು. ಅದನ್ನು ಅಲ್ಲಿ ಬಚ್ಚಿಟ್ಟವನು ನಾನೇ. ಒಂದು ವರ್ಷದಿಂದ ಅಪ್ಪ ಆ ಕಾಗದಕ್ಕಾಗಿ ಮನೆಯ ಕಪಾಟುಗಳನ್ನೆಲ್ಲ ಕೆದರಿದ್ದಾನೆ. ನಾನೂ ಅವನ ಜೊತೆ ಬಹಳ ಶ್ರದ್ಧೆಯಿಂದ ಹುಡುಕಿದ್ದೇನೆ. ಕಾಗದದ ಹಿಂಬದಿಯಲ್ಲಿ ಕೆಂಪು ಚಾಕ್‌ಪೀಸಿನಲ್ಲಿ ಬರೆದ ಎರಡು ಅಂಕಗಳಿವೆ. ಒಂದು ಅಪ್ಪನದು, ಒಂದು ನನ್ನದು. ಅಪ್ಪನಿಗೆ ಅವನದು ಬೇಕೇ ಬೇಕು. ನನ್ನದನ್ನು ಜಗತ್ತು ನೋಡಬಾರದು. ತೊಂದರೆ ಏನೆಂದರೆ ಎರಡೂ ಅಕ್ಕಪಕ್ಕ ಕೂತಿವೆ.

ನನ್ನ ಹೆಸರು ರಾಘವೇಂದ್ರ, ವಯಸ್ಸು ಹದಿನಾರು, ಮನೆಯಲ್ಲಿ ರಾಘ್ಯಾ. ಶಾಲೆಯಲ್ಲಿ ಮರಾಠಿ, ಗಲ್ಲಿಯಲ್ಲಿ ಹಿಂದಿ. ಕನ್ನಡ ಓದುಬರಹ ಬಂದದ್ದು ಅಜ್ಜಿಯ ಫೂಟುಪಟ್ಟಿಯಿಂದ. ಅಜ್ಜಿ ಧಾರವಾಡದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು. ನಿವೃತ್ತಿಯಾದ ಮೇಲೆ ಬ್ಯಾಂಕಿನಲ್ಲಿರುವ ಮಗನ ಜೊತೆ ಇರಲು ನಾಗಪುರಕ್ಕೆ ಬಂದಳು. ಆದರೆ ನಿವೃತ್ತಿಯ ವಿಷಯ ಶಾಲೆಗೆ ಮಾತ್ರ ಗೊತ್ತು, ಅಜ್ಜಿಗೆ ಯಾರೂ ಹೇಳಿದಂತಿಲ್ಲ. ಸಾರಿನಲ್ಲಿ ಬೇಳೆ ತಳಕ್ಕೆ ಕೂತರೆ ನದಿ ಮೆಕ್ಕಲು ಮಣ್ಣು ತರುವ ಪಾಠ. ಚಪಾತಿ ಉಬ್ಬಿ ಹಬೆ ಬಿಟ್ಟರೆ ಜ್ವಾಲಾಮುಖಿ.

ಜ್ವಾಲಾಮುಖಿ ಅಂದರೆ ಅಜ್ಜಿಗೆ ಒಂದೇ, ಇಟಲಿಯ ವೆಸುವಿಯಸ್. ಪ್ರತಿ ವರ್ಷ ಕರಿಹಲಗೆ ತುಂಬ ಅದನ್ನು ಸೀಳಿ ಒಳಗೇನಿದೆಯೆಂದು ಬರೆದು ತೋರಿಸುತ್ತಿದ್ದಳು. ಶಾಲೆಯಲ್ಲಿ ಬಿಳಿ ಚಾಕ್‌ಪೀಸು ಬೇಕಾದಷ್ಟು, ಕೆಂಪು ಮಾತ್ರ ವರ್ಷಕ್ಕೆ ಒಂದೋ ಎರಡೋ. ಅಜ್ಜಿ ಆ ಕೆಂಪನ್ನು ಪರ್ಸಿನಲ್ಲಿಟ್ಟುಕೊಂಡು, ಬೇರೆ ಯಾವ ಪಾಠಕ್ಕೂ ಮುಟ್ಟದೆ, ಲಾವಾರಸಕ್ಕೆಂದೇ ಕಾಯುತ್ತಿದ್ದಳು. ಪರೀಕ್ಷೆಯಲ್ಲಿ ಲಾವಾರಸಕ್ಕೆ ಕೆಂಪು ಹಚ್ಚದವರಿಗೆ ಅರ್ಧ ಅಂಕ ಕಡಿತ. ಏಳನೇ ಇಯತ್ತೆಯಲ್ಲಿ ಅವಳ ಸ್ವಂತ ಮಗ, ಅಂದರೆ ನಮ್ಮಪ್ಪ, ಕೆಂಪು ಪೆನ್ಸಿಲ್ ಮರೆತು ಹೋಗಿ ಇಡೀ ಗುಡ್ಡವನ್ನು ಸೀಸದ ಕಡ್ಡಿಯಲ್ಲಿ ಬೂದು ಬೂದಾಗಿ ಬರೆದ. ಅರ್ಧ ಅಂಕ ಹೋಯಿತು. ಅದರ ಜೊತೆಗೆ ಮೊದಲ ನಂಬರೂ ಹೋಯಿತು. ಇವತ್ತಿಗೂ ಸಾರು ಸಪ್ಪಗಾದ ದಿನ ಅಪ್ಪ ಅದನ್ನೇ ತೆಗೆಯುತ್ತಾನೆ.

"ಹೆತ್ತ ಮಗಾ ಅಂತ ನೋಡ್ಲಿಲ್ಲ ನೀ, ಅವ್ವಾ."

"ಹೆತ್ತ ಮಗಾ ಅಂತನ ಬರೇ ಅರ್ಧಾ ಕಡದೆ. ಸುಮ್ನ ಉಣ್ಣು."

ಇಷ್ಟೆಲ್ಲ ಇದ್ದೂ ಅಜ್ಜಿ ವೆಸುವಿಯಸ್ ನೋಡಿರಲಿಲ್ಲ. ನೋಡುತ್ತೇನೆಂದು ಅಂದುಕೊಂಡೂ ಇರಲಿಲ್ಲ. ಅದು ಸಾಧ್ಯವಾದದ್ದು ಕಿತ್ತಳೆಹಣ್ಣಿನಿಂದ.

ನಮ್ಮ ಕೆಳಗಿನ ಮನೆಯ ವಿನಾಯಕ ಕಾಕಾ ಕಳಮನಾ ಮಾರುಕಟ್ಟೆಯಲ್ಲಿ ಕಿತ್ತಳೆಯ ಸಗಟು ವ್ಯಾಪಾರಿ. ಹಣ್ಣನ್ನು ಗಾತ್ರ ನೋಡಿ ತಾನೇ ಬೇರೆ ಮಾಡುವ ಯಂತ್ರವೊಂದನ್ನು ನೋಡಲು ಅವರಿಗೆ ಇಟಲಿಯಿಂದ ಕರೆ ಬಂತು. ಕಾಕಾ ಒಬ್ಬರೇ ಎಲ್ಲಿಗೂ ಹೋಗುವವರಲ್ಲ. ಹಜಾಮತಿಗೂ ಅಪ್ಪನನ್ನು ಕರೆಯುತ್ತಾರೆ.

"ಕುಲಕರ್ಣಿ ಸಾಹೇಬ್, ನೀವು ಬರಬೇಕು. ಅಜ್ಜಿ ಭೀ ಬರಬೇಕು. ಗಾಡಿ ನಾನು ಓಡಿಸ್ತದೆ!"

ಹದಿನೈದು ವರ್ಷ ನಮ್ಮ ನೆರೆಯಲ್ಲಿದ್ದು ಕಲಿತ ಕನ್ನಡ ಅದು. ಅಪ್ಪ ಕೂಡಿಟ್ಟ ರಜೆಯನ್ನೂ ಕೂಡಿಟ್ಟ ಹಣವನ್ನೂ ಒಂದೇ ಏಟಿಗೆ ಒಡೆದ. ಕಾಕಾನ ಹೆಂಡತಿ ಕಾಕೂಗೆ ವಿಮಾನವೆಂದರೆ ಭಯ, ಅವರು ಉಳಿದರು. ಕಾಕಾನ ಮಗಳು ಮುಗ್ಧಾ ಹೊರಟಳು. ಮುಗ್ಧಾ ನನ್ನದೇ ಕ್ಲಾಸು. ನನಗಿಂತ ಯಾವಾಗಲೂ ಹೆಚ್ಚು ಅಂಕ ತೆಗೆಯುವ ಕೆಟ್ಟ ಚಟ ಅವಳಿಗೆ. ಹೀಗೆ ಹೋದ ವರ್ಷದ ಮೇ ತಿಂಗಳಲ್ಲಿ ನಾವು ಆರು ಜನ, ಒಂಬತ್ತು ಸೀಟಿನ ಬಾಡಿಗೆ ವ್ಯಾನು, ಎಂಟು ದಿನ.

ನಕಾಶೆ ಯಾರ ಕೈಗೆ ಅನ್ನುವ ಪ್ರಶ್ನೆ ಎದ್ದಾಗ ನಾನು ಎದೆ ಉಬ್ಬಿಸಿ ನಿಂತೆ. ಚಿಕ್ಕಂದಿನಿಂದ ಅಜ್ಜಿ ಅಟ್ಲಾಸ್ ತೆರೆದು ಊರಿನ ಹೆಸರು ಹೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಬೆರಳಿಡುತ್ತಿದ್ದವನು ನಾನು. ಅಟ್ಲಾಸಿನ ಯಾವ ಪುಟದಲ್ಲಿ ಯಾವ ಕಲೆಯ ಪಕ್ಕ ಯಾವ ಊರಿದೆ ಎಂದು ಬಾಯಿಪಾಠ ಮಾಡಿದ್ದೆ, ಅಷ್ಟೇ. ಕಾಶಿ ಚಹಾದ ಕಲೆಯ ಎಡಕ್ಕೆ, ಕೈರೋ ಜಿರಳೆ ತಿಂದ ಮೂಲೆಯ ಕೆಳಗೆ. ಇದು ಅಜ್ಜಿಗೆ ಗೊತ್ತಿರಲಿಲ್ಲ ಎಂದು ನಾನು ನಂಬಿದ್ದೆ.

"ನಾವು ಝೀರೋ ಮೈಲ್ ಊರಿನವರು," ಎಂದು ಭಾಷಣ ಬಿಗಿದೆ. "ಇಡೀ ದೇಶದ ದಾರಿ ಅಳೆಯೋ ಕಲ್ಲು ನಮ್ಮೂರಾಗ ಅದ. ನಾವು ದಾರಿ ತಪ್ಪೋದಂದ್ರೇನು?"

"ಯಾಕ, ಮೂರ್ ಮಂದೀನ್ನ ಕೇಳೂಣಲ್ಲ," ಎಂದ ಅಪ್ಪ.

ಇದು ಅಪ್ಪ-ಕಾಕಾ ಇಬ್ಬರ ಖಾಯಂ ಪದ್ಧತಿ. ಎಲ್ಲಿಗೇ ಹೋಗಲಿ, ಪಾನ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಕಿಟಕಿಯ ಗಾಜು ಇಳಿಸಿ, ಮೂರು ಬೇರೆ ಬೇರೆ ಜನರನ್ನು ಕೇಳುವುದು. ಇಬ್ಬರು ಯಾವ ಕಡೆ ಕೈ ತೋರಿಸಿದರೋ ಆ ಕಡೆ ಹೋಗುವುದು. ನಾನು ಅದನ್ನು ಇಟಲಿಯ ಮಟ್ಟಿಗೆ ನಿಷೇಧಿಸಿದೆ. "ಫಾರಿನ್ನಾಗ ಹಂಗ ಕಂಡಕಂಡವ್ರನ್ನ ಕೇಳಿದ್ರ ನಗ್ತಾರ. ನಕಾಶೆ ಅದ, ನಾ ಇದ್ದೀನಿ." ಅಜ್ಜಿ ನಕಾಶೆಯನ್ನು ನನ್ನ ಕೈಗಿತ್ತಳು. ಅವಳ ಪರ್ಸಿನಲ್ಲಿ ಕೆಂಪು ಚಾಕ್‌ಪೀಸಿನ ಕೊನೆಯ ತುಂಡೊಂದು ಇತ್ತು. ಗುಡ್ಡಕ್ಕೆ ಅದರ ಬಣ್ಣ ತೋರಿಸಿ, ತಾಳೆ ಆಗುತ್ತದೋ ಇಲ್ಲವೋ ನೋಡಬೇಕಂತೆ.

ಮೊದಲ ಆರು ದಿನ ನನ್ನ ದರ್ಬಾರು ಚೆನ್ನಾಗಿಯೇ ನಡೆಯಿತು. ವಿಮಾನ ನಿಲ್ದಾಣದ ಅಧಿಕಾರಿಯೊಬ್ಬ ನಮ್ಮ ಆರೂ ಜನರ ಜೇಬಿನಿಂದ ಆರು ಉಳ್ಳಾಗಡ್ಡಿ ತೆಗೆದು ಸಾಲಾಗಿ ಇಟ್ಟು ತಲೆ ಕೆರೆದುಕೊಂಡದ್ದನ್ನು ಬಿಟ್ಟರೆ. ನಾಗಪುರದ ಮೇ ತಿಂಗಳಲ್ಲಿ ಜೇಬಿನಲ್ಲಿ ಉಳ್ಳಾಗಡ್ಡಿ ಇಲ್ಲದೆ ಹೊಸ್ತಿಲು ದಾಟಿದರೆ ಬಿಸಿಗಾಳಿ ಬಡಿಯುತ್ತದೆಂದು ಅಮ್ಮನ ನಂಬಿಕೆ, ಮತ್ತು ಅಮ್ಮ ದೇಶಕ್ಕೊಂದು ನಂಬಿಕೆ ಇಟ್ಟುಕೊಳ್ಳುವವಳಲ್ಲ. ಪೀಸಾದ ವಾಲಿದ ಗೋಪುರ ನೋಡಿ ಕಾಕಾ, "ಕಳಮನಾದಲ್ಲಿ ಹಮಾಲ ಪೇಟಿ ಹೀಗೆ ಜೋಡಿಸಿದರೆ ನಾನು ಬೈತದೆ," ಎಂದರು. ಎಡಗಡೆ ಸ್ಟಿಯರಿಂಗಿನ ಗಾಡಿಯಲ್ಲಿ ಅವರು ತಿರುವಿಗೆ ದೀಪ ಹಾಕಲು ಹೋದಾಗಲೆಲ್ಲ ವೈಪರ್ ಶುರುವಾಗುತ್ತಿತ್ತು. ಇಟಲಿಯ ಚುರುಗುಟ್ಟುವ ಬಿಸಿಲಿನಲ್ಲಿ ವೈಪರ್ ಆಡಿಸುತ್ತ ಹೋದ ಏಕೈಕ ವ್ಯಾನು ನಮ್ಮದು. ದಾರಿಗಳು ನೆಟ್ಟಗಿದ್ದವು. ನಾನು "ಸೀದಾ" ಎನ್ನುತ್ತಿದ್ದೆ, ಗಾಡಿ ಸೀದಾ ಹೋಗುತ್ತಿತ್ತು, ನಾನು ಮುಗ್ಧಾಳ ಕಡೆ ನೋಡುತ್ತಿದ್ದೆ.

ಏಳನೆಯ ದಿನ ವೆಸುವಿಯಸ್. ಮರುದಿನ ರೋಮಿನಿಂದ ವಾಪಸು ವಿಮಾನ. ಅಂದರೆ ಇದೊಂದೇ ದಿನ. ಗುಡ್ಡದ ಗೇಟು ಸಂಜೆ ಐದಕ್ಕೆ ಮುಚ್ಚುತ್ತದೆಂದು ಹೋಟೆಲಿನವನು ಬರೆದು ಕೊಟ್ಟಿದ್ದ. ಅಜ್ಜಿ ಬೆಳಿಗ್ಗೆ ಐದಕ್ಕೇ ಎದ್ದು, ಇಳಕಲ್ ಸೀರೆ ಉಟ್ಟು, ವ್ಯಾನಿನ ಹಿಂದಿನ ಸೀಟಿನಲ್ಲಿ ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಕೂತಿದ್ದಳು.

ರೋಮಿನ ಸುತ್ತ ಒಂದು ರಿಂಗ್ ರೋಡಿದೆ. ನಾಗಪುರಕ್ಕೂ ಇದೆ. ಆದರೆ ನಮ್ಮಲ್ಲಿ ದಾರಿ ತಪ್ಪಿದರೆ ಎಮ್ಮೆ ಅಡ್ಡ ನಿಂತಲ್ಲಿ ಗಾಡಿ ತಿರುಗಿಸಿದರಾಯಿತು. ಅಲ್ಲಿ ಹಾಗೆ ತಿರುಗಲು ಬರುವುದಿಲ್ಲ. ನಾವು ಉತ್ತರದಿಂದ ಅದನ್ನು ಹಿಡಿದು, ಒಂದಿಷ್ಟು ಹೋಗಿ, ನೇಪಲ್ಸಿನ ಬೋರ್ಡು ಬಂದಾಗ ಬಲಕ್ಕೆ ಇಳಿಯಬೇಕಿತ್ತು. ಬೋರ್ಡು ಬಂತು. ಸರಿಯಾಗಿ ಆಗ ನಾನು ಹಿಂದೆ ತಿರುಗಿ ಮುಗ್ಧಾಳಿಗೆ, ನಮ್ಮ ಮುತ್ತಜ್ಜ ಬರಿಗಾಲಲ್ಲಿ ಚಿರತೆಯನ್ನು ಅಟ್ಟಿಸಿಕೊಂಡು ಹೋದ ಕಥೆ ಹೇಳುತ್ತಿದ್ದೆ. ಕಥೆಯಲ್ಲಿ ಚಿರತೆ ಸಿಗುವ ಹೊತ್ತಿಗೆ ನೇಪಲ್ಸ್ ಹೋಗಿತ್ತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. "ಸೀದಾ," ಎಂದೆ.

ಆ ಬೋರ್ಡಿಗೆ ಸ್ವಲ್ಪ ಮೊದಲು ಹಳದಿ ಸೋಫಾದ ಮೇಲೆ ಒರಗಿದ ದಪ್ಪ ಹೆಂಗಸಿನ ದೊಡ್ಡ ಜಾಹೀರಾತು ಬಂದು ಹೋಗಿತ್ತು. ಒಂದು ಗಂಟೆಯ ಮೇಲೆ ಅದೇ ಹೆಂಗಸು ಮತ್ತೆ ಬಂದಳು.

"ಬಾಬಾ, ತೀ ಸೋಫಾವಾಲಿ ಬಾಯಿ ಪರತ್ ಆಲಿ!" ಮುಗ್ಧಾ ಕೂಗಿದಳು.

"ರಾಘವ್," ಕಾಕಾ ಹುಬ್ಬು ಗಂಟಿಕ್ಕಿದರು, "ಈ ಬಾಯಿ ನಾನು ಮೊದಲು ನೋಡಿತ್ತು. ಪಕ್ಕಾ ನೋಡಿತ್ತು."

"ಕಾಕಾ, ಸೋಫಾದ ಕಂಪನಿ ದೊಡ್ಡದು. ಊರಿಗೊಂದು ಬೋರ್ಡ್ ಹಾಕಿರ್ತಾರ."

ಹಿಂದಿನ ಸೀಟಿನಿಂದ ಅಜ್ಜಿಯ ದನಿ ಬಂತು. "ರೋಮಿಗೆ ಒಂದ ಪ್ರದಕ್ಷಿಣಿ ಆತು. ಮೂರ್ ಹಾಕ್ಬೇಕಂತ ಹರಕಿ ಏನರೆ ಹೊತ್ತೀಯೇನೋ ರಾಘ್ಯಾ?"

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಎರಡನೆಯ ಸಲ ಬೋರ್ಡು ಬಂದಾಗ ನಾನು ಹೇಳಿದ್ದು ತಡವಾಯಿತು, ಕಾಕಾ ದೀಪ ಹಾಕಲು ಹೋಗಿ ವೈಪರ್ ಹಾಕಿದರು, ಪಕ್ಕದ ಲಾರಿಯವನು ಜಾಗ ಬಿಡಲಿಲ್ಲ. ಎರಡನೆಯ ಪ್ರದಕ್ಷಿಣೆ ಶುರುವಾಯಿತು. ಸೋಫಾದ ಹೆಂಗಸನ್ನು ಮೂರನೆಯ ಸಲ ಕಂಡಾಗ ಅಮ್ಮ ಕೈಮುಗಿದಳು. "ಇಷ್ಟೊತ್ತು ನಡಕೋತ ಹೋಗಿದ್ರೂ ಮುಟ್ಟತಿದ್ವಿ ನೋಡ್ರಿ," ಎಂದು ಚಪಾತಿ-ಶೇಂಗಾ ಚಟ್ನಿ ಬಿಚ್ಚಿದಳು. ಆ ದಿನವೇ ವೆನಿಸಿನ ಮೇಲೆ ಉಪ್ಪಿನಕಾಯಿ ಬಿದ್ದದ್ದು.

ಕೊನೆಗೆ ಇಳಿದೆವು, ದಕ್ಷಿಣಕ್ಕೆ ಓಡಿದೆವು. ನೇಪಲ್ಸಿನ ಹತ್ತಿರ ಬಂದಾಗ ಗಂಟೆ ಮೂರು. ಎಡಗಡೆ ದೂರದಲ್ಲಿ ಒಂದು ನೀಲಿ ಗುಡ್ಡ, ತುದಿ ಯಾರೋ ಕಚ್ಚಿದ ಹಾಗೆ.

ಅಜ್ಜಿ ಗಾಜಿಗೆ ಮೂಗು ಒತ್ತಿ ಕೂತಳು. ಅಮ್ಮ ಮೆಲ್ಲಗೆ ಅವಳ ಬೆನ್ನ ಮೇಲೆ ಕೈ ಇಟ್ಟಳು.

ಮುಂದೆ ರಸ್ತೆ ಎರಡಾಗಿ, ನಾಲ್ಕಾಗಿ, ಶಾವಿಗೆಯಾಗಿ ಒಡೆಯಿತು. ನಕಾಶೆಯಲ್ಲಿ ಆ ಜಾಗದಲ್ಲಿ ಬರೀ ಗೆರೆಗಳು. ಚಹಾದ ಕಲೆ ಇಲ್ಲ, ಜಿರಳೆ ತಿಂದ ಮೂಲೆ ಇಲ್ಲ. "ಬಲಕ್ಕ!" ಎಂದೆ, ಬಹಳ ಗಟ್ಟಿಯಾಗಿ. ಗೊತ್ತಿಲ್ಲದಾಗ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹತ್ತು ನಿಮಿಷ ಹೋಗಿರಬೇಕು. ಮುಗ್ಧಾ ಹಿಂದಿನ ಗಾಜಿನಲ್ಲಿ ನೋಡಿ, "ರಾಘವ್, ಗುಡ್ಡ ಹಿಂದ ಹೊಂಟದ," ಎಂದಳು. ಅವಳೂ ನಮ್ಮ ಮನೆಯಲ್ಲೇ ಅರ್ಧ ಬೆಳೆದವಳು, ಕನ್ನಡ ಬರುತ್ತದೆ.

"ಗುಡ್ಡಕ್ಕ ಹೋಗೋ ರಸ್ತೆ ಹಂಗ ಸುತ್ತಿ ಬರ್ತಾವ," ಎಂದೆ.

"ಮತ್ತ ಸಣ್ಣದಾಗ್ಲಿಕ್ಕತ್ತದಲ್ಲ?"

ನಾನು ಕನ್ನಡಿಯಲ್ಲಿ ನೋಡಿದೆ. ಅಜ್ಜಿ ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದಳು. ಅವಳ ಬಿಳಿ ತುರುಬು ಮಾತ್ರ ಕಾಣುತ್ತಿತ್ತು. ಅದರಾಚೆ ಮೂವತ್ತೊಂದು ವರ್ಷ ಬರೆದ ಗುಡ್ಡ ಚಿಕ್ಕದಾಗುತ್ತಿತ್ತು. ಬೈದಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಅವಳ ಎಡಗೈಯಲ್ಲಿ ಆ ಕೆಂಪು ಚಾಕ್‌ಪೀಸಿನ ತುಂಡಿತ್ತು.

"ಗಾಡಿ ನಿಲ್ಲಸ್ರಿ ಕಾಕಾ!" ನನ್ನ ದನಿ ಒಡೆದು ಎರಡಾಯಿತು. "ನಂಗ ನಕಾಶೆ ಓದ್ಲಿಕ್ಕೆ ಬರಂಗಿಲ್ಲ! ರೋಮಿನಾಗೂ ಬರ್ತಿರ್ಲಿಲ್ಲ. ಈಗೂ ಬರಂಗಿಲ್ಲ. ನಾವ್ ಎಲ್ಲಿದ್ದೀವೋ ನಂಗ ಗೊತ್ತಿಲ್ಲ!"

ಕಾಕಾ ದೀಪ ಹಾಕಲು ಹೋಗಿ ಮತ್ತೆ ವೈಪರ್ ಹಾಕಿದರು.

ಅಪ್ಪ ಬಾಯಿ ತೆರೆದ. ಅವನು ಏನಾದರೂ ಅನ್ನುವ ಮೊದಲೇ ಕಾಕಾನ ಮುಖ ದೀಪಾವಳಿಯಾಯಿತು. "ಅರೆ, ಮೊದಲು ಹೇಳಬೇಕಿತ್ತು ರಾಜಾ! ಚಲೋ ಸಾಹೇಬ್, ನಮ್ಮ ಪದ್ಧತಿ!" ಎಂದು ಮೊದಲ ತಿರುವಿನಲ್ಲೇ ಗಾಡಿ ಇಳಿಸಿ, ಒಂದು ಸಣ್ಣ ಕಾಫಿ ಅಂಗಡಿಯ ಮುಂದೆ ನಿಲ್ಲಿಸಿ, ಏಳು ದಿನ ಹಸಿದವರಂತೆ ಗಾಜು ಇಳಿಸಿದರು.

ಅಂಗಡಿಯ ಮುಂದೆ ಮೂವರು ಮುದುಕರು. ಕಾಕಾ "ವೆಸುವಿಯೋ?" ಎಂದು ಕೈ ಅಲ್ಲಾಡಿಸಿದ್ದೇ ತಡ, ಮೂವರೂ ಮೂರು ಕಡೆ ಕೈ ತೋರಿಸಿದರು. ಆಮೇಲೆ ನಮ್ಮನ್ನು ಮರೆತು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರು. ಕೈ, ಭುಜ, ಹುಬ್ಬು ಎಲ್ಲ ಸೇರಿ ಜಗಳ. ಅಪ್ಪ ಆನಂದದಿಂದ ಕಣ್ಣು ಮುಚ್ಚಿದ. "ನಮ್ಮೂರ ಇತವಾರಿ ಬಜಾರಿಗೇ ಬಂದಂಗಾತು ನೋಡು."

ಇಬ್ಬರ ಬಹುಮತ ಸಿಗಲಿಲ್ಲ. ಜಗಳ ಕೇಳಿ ನಾಲ್ಕನೆಯವನು ಬಂದ. ನಮ್ಮ ಆಟೋರಿಕ್ಷಾದ ತಮ್ಮನಂಥ ಮೂರು ಗಾಲಿಯ ಪುಟ್ಟ ಗಾಡಿ, ಹಿಂದೆ ಪೇಟಿ ತುಂಬ ಕಿತ್ತಳೆ. ಕಾಕಾ ಒಂದು ಹಣ್ಣು ಎತ್ತಿ, ತೂಗಿ, ಮೂಸಿ, ಹೆಬ್ಬೆರಳಿನಿಂದ ಒತ್ತಿ ತಲೆದೂಗಿದರು. ಒಬ್ಬ ಕಿತ್ತಳೆಯವನು ಇನ್ನೊಬ್ಬನನ್ನು ಗುರುತಿಸಲು ಅಷ್ಟು ಸಾಕು. ಅವನು ಎದೆ ತಟ್ಟಿಕೊಂಡು, ಹಿಂದೆ ಬನ್ನಿ ಎಂದು ಕೈ ಮಾಡಿ ಹೊರಟ. ಕಿತ್ತಳೆಗಾಡಿ ಮುಂದೆ, ನಾವು ಹಿಂದೆ. ಗಲ್ಲಿ, ಒಣಗಲು ಹಾಕಿದ ಬಟ್ಟೆ, ಮೆಟ್ಟಿಲು, ಮತ್ತೆ ಗಲ್ಲಿ. ಹೆದ್ದಾರಿಯ ಬಾಯಲ್ಲಿ ನಿಂತು ಅವನು ನೆಟ್ಟಗೆ ಗುಡ್ಡದ ಕಡೆ ಕೈ ತೋರಿಸಿದ. ಅಲ್ಲಿಂದ ಮುಂದೆ ಗುಡ್ಡ ದೊಡ್ಡದಾಗುತ್ತ ಹೋಯಿತು.

ಗೇಟಿಗೆ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಕಾವಲಿನವನು ಕೈ ಅಡ್ಡ ಮಾಡಿದ. ಗಡಿಯಾರ ತೋರಿಸಿದ, ಅಜ್ಜಿಯನ್ನು ತೋರಿಸಿದ, ಮೇಲಿನ ದಾರಿ ತೋರಿಸಿದ, ತಲೆ ಅಲ್ಲಾಡಿಸಿದ. ಅಪ್ಪ ಇಂಗ್ಲಿಷಿನಲ್ಲಿ, ಕಾಕಾ ಹಿಂದಿಯಲ್ಲಿ, ನಾನು ಅಳುಮೋರೆಯಲ್ಲಿ ಬೇಡಿಕೊಂಡೆವು. ಅವನು ಕದಲಲಿಲ್ಲ.

ಅಜ್ಜಿ ಮಾತ್ರ ಬೇಡಲಿಲ್ಲ. ಸೆರಗು ಸಿಕ್ಕಿಸಿದಳು, ಅವನ ಕಾಲ ಮುಂದಿನ ಡಾಂಬರಿನ ಮೇಲೆ ಬಗ್ಗಿ ಕೂತಳು, ಕೆಂಪು ಚಾಕ್‌ಪೀಸಿನಲ್ಲಿ ಬರೆಯತೊಡಗಿದಳು. ಒಂದು ಗೆರೆ ಈ ಇಳಿಜಾರು, ಒಂದು ಗೆರೆ ಆ ಇಳಿಜಾರು. ನಡುವೆ ಕೊಳವೆ. ಕೆಳಗೆ ಹೊಟ್ಟೆ. ಪಕ್ಕಕ್ಕೆ ಹಳೆಯ ಗುಡ್ಡದ ಮುರಿದ ಅಂಚು. ಎಪ್ಪತ್ತೆರಡರ ಕೈ ಒಂದು ಸಲವೂ ನಡುಗಲಿಲ್ಲ, ಒಂದು ಗೆರೆಯನ್ನೂ ಅಳಿಸಲಿಲ್ಲ. ಬರೆದು, ತನ್ನ ಎದೆ ಮುಟ್ಟಿ, ಬೆರಳುಗಳನ್ನು ಮೂರು ಸಲ ಹತ್ತು ಬಿಚ್ಚಿ, ಕೊನೆಗೆ ಒಂದು ಬೆರಳು ತೋರಿಸಿ, ಗಾಳಿಯಲ್ಲಿ ಹಲಗೆಯ ಮೇಲೆ ಬರೆದಂತೆ ಮಾಡಿದಳು.

ಕಾವಲಿನವನು ಚಿತ್ರ ನೋಡಿದ. ಅಜ್ಜಿಯನ್ನು ನೋಡಿದ. "ಮಾಯೆಸ್ತ್ರಾ?" ಎಂದ. ಅದರ ಅರ್ಥ ಟೀಚರ್ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನು ಟೋಪಿ ತೆಗೆದಿದ್ದ. ಒಂದು ಊರುಗೋಲು ತಂದು ಅವಳ ಕೈಗಿಟ್ಟು, ತಾನೇ ಮುಂದಾಗಿ ನಡೆದ. ಅವನು ನಡೆದದ್ದು ಆ ಚಿತ್ರವನ್ನು ತುಳಿಯದೆ, ಸುತ್ತು ಹಾಕಿಕೊಂಡು.

ಮೇಲೆ ಹತ್ತಲು ಅರ್ಧ ಗಂಟೆ ಹಿಡಿಯಿತು. ಕಾಲ ಕೆಳಗೆ ಜಲ್ಲಿ ಜಾರುತ್ತಿತ್ತು. ಅಜ್ಜಿ ಎರಡು ಸಲ ನಿಂತಳು, ಎರಡು ಸಲವೂ ಸುಸ್ತಾಗಿ ಅಲ್ಲ, ಕಲ್ಲು ಹೆಕ್ಕಲು. ಕೊನೆಗೆ ಅಂಚಿಗೆ ಬಂದು ಎಲ್ಲರೂ ಬಗ್ಗಿ ನೋಡಿದೆವು.

ಒಳಗೆ ದೊಡ್ಡ ಬಾಣಲೆಯಂಥ ಹೊಂಡ. ಗೋಡೆಯಲ್ಲಿ ಒಂದೆರಡು ಕಡೆ ಇಡ್ಲಿ ಪಾತ್ರೆಯ ಮುಚ್ಚಳದಿಂದ ಬರುವಷ್ಟು ಹಬೆ. ಉಳಿದದ್ದೆಲ್ಲ ಕಲ್ಲು. ಕಣ್ಣು ಹಾಯುವವರೆಗೂ ಬೂದು, ಬೂದು, ಬೂದು.

ಅಜ್ಜಿ ಚಾಕ್‌ಪೀಸನ್ನು ಹೊಂಡದ ಮುಂದೆ ಹಿಡಿದಳು. ಒಂದು ಕಣ್ಣು ಮುಚ್ಚಿದಳು. ಕೈ ಇಳಿಸಿದಳು.

"ಎಲ್ಲಿ ಅದನೋ ಕೆಂಪು?"

ಎರಡು ಪ್ರದಕ್ಷಿಣೆ ಹಾಕಿ ಇಷ್ಟು ದೂರ ಬಂದು ಅವಳಿಗೆ ಬೇಜಾರಾಯಿತೇ? ಅಷ್ಟರಲ್ಲಿ ಅಜ್ಜಿಯ ಭುಜ ಕುಲುಕತೊಡಗಿತು. ನಗು. ಊರುಗೋಲು ಬೀಳುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಗು. "ಅಯ್ಯ ನನ ದೇವರ! ಇದು ಸೀಸದ ಕಡ್ಡೀ ಬಣ್ಣ ಅದನೋ! ಬೂದು ಹಚ್ಚಿದವ್ರಿಗೆಲ್ಲಾ ಅರ್ಧಾ ಅರ್ಧಾ ಕಡದು ಮನೀಗೆ ಕಳಿಸೇನಲ್ಲೋ!"

ಅಪ್ಪ ನಿಧಾನವಾಗಿ ಹೊಂಡ ನೋಡಿದ, ಅಜ್ಜಿಯನ್ನು ನೋಡಿದ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವಾಗಿನ ಮುಖ.

"ಅವ್ವಾ," ಎಂದ. "ನನ್ನ ಅರ್ಧಾ ಮಾರ್ಕು."

ಅಜ್ಜಿ ನನ್ನ ಕಡೆ ಕೈ ಚಾಚಿದಳು. ನಕಾಶೆ ಕೊಟ್ಟೆ. ಅದನ್ನು ಮಗುಚಿ, ಕಲ್ಲಿನ ಮೇಲಿಟ್ಟು, ಕೆಂಪಿನಲ್ಲಿ ಅಪ್ಪನ ಹೆಸರು ಬರೆದು ಮುಂದೆ ½ ಹಾಕಿದಳು. ಅಪ್ಪ, ನಲವತ್ತನಾಲ್ಕು ವಯಸ್ಸಿನ ಬ್ಯಾಂಕ್ ಅಧಿಕಾರಿ, ಅಲ್ಲೇ ಕುಣಿದ. ಕಾಕಾ ರೀಲಿನ ಕ್ಯಾಮೆರಾದ ಕೊನೆಯ ಫೋಟೋ ಅದಕ್ಕೇ ಖರ್ಚು ಮಾಡಿದರು. ಆಮೇಲೆ ಅಜ್ಜಿ ಪಕ್ಕದಲ್ಲೇ ನನ್ನ ಹೆಸರು ಬರೆದಳು. ಅದರ ಮುಂದೆ ದುಂಡಗೆ, ತುಂಬ ಚೆಂದದ ಒಂದು 0.

"ನಿಂಗ ಅಟ್ಲಾಸಿನ ಕಲೆ ನೋಡಿ ಬಟ್ಟಿಡೋದು ಬಿಟ್ರ ಬ್ಯಾರೆ ಬರಂಗಿಲ್ಲಂತ ಮೂರನೇ ಇಯತ್ತೆಯಿಂದ ಗೊತ್ತು ನಂಗ," ಎಂದಳು. "ಯಾವಾಗ ಹೇಳ್ತೀ ಅಂತ ಕಾಯ್ಲಿಕ್ಕತ್ತಿದ್ದೆ. ಗುಡ್ಡ ಕಣ್ಮರೆ ಆಗೋದ್ರಾಗ ಹೇಳಿದಿ, ಪುಣ್ಯಾ."

ಈ ಕಾಗದವನ್ನು ಕೂಲರಿನ ಹೊಟ್ಟೆಗೆ ಯಾಕೆ ಸೇರಿಸಿದೆನೆಂದು ಈಗ ತಿಳಿಯಿತಲ್ಲ.

ಮೊನ್ನೆ ಅದನ್ನು ಅಂಗಿಯೊಳಗೆ ತೂರಿಸುತ್ತಿರುವಾಗಲೇ ಅಪ್ಪ ಹಿಡಿದ. ಕಣ್ಣಿಗೊತ್ತಿಕೊಂಡ. ಇಪ್ಪತ್ತು ನಿಮಿಷದಲ್ಲಿ, ಕೂಲರ್ ಅಲ್ಲೇ ಬಿಟ್ಟು, ಫ್ರೇಮ್ ಹಾಕಿಸಲು ಸದರ್ ಪೇಟೆಗೆ ಹೊರಟ. ನಾನು ಅಜ್ಜಿಯ ಕಾಲು ಹಿಡಿದೆ. ಸೊನ್ನೆಯೊಂದನ್ನು ಅಳಿಸಲಿ, ಬೇಕಾದರೆ ಮರುಪರೀಕ್ಷೆ ಇಡಲಿ. ಅಜ್ಜಿ ಒಪ್ಪಿದಳು. ನಾಗಪುರದ ನಕಾಶೆ ನನ್ನ ತೊಡೆಯ ಮೇಲೆ, ಕಾಕಾನ ವ್ಯಾನಿನ ಮುಂದಿನ ಸೀಟು ನನಗೆ, ಹಿಂದೆ ಅಪ್ಪ ಮತ್ತು ಅಜ್ಜಿ. ಬಜಾಜ್ ನಗರದಿಂದ ಸದರಿನ ಫ್ರೇಮಿನ ಅಂಗಡಿಗೆ ದಾರಿ ತೋರಿಸಬೇಕು. ಹುಟ್ಟಿದ ಊರು.

ಮೂರನೆಯ ತಿರುವಿನಲ್ಲಿ ನಾನು ನಕಾಶೆ ನೋಡಿದೆ, ರಸ್ತೆ ನೋಡಿದೆ, ಮತ್ತೆ ನಕಾಶೆ ನೋಡಿದೆ. ಬಾಯಿಗೆ "ಸೀದಾ" ಬಂದಿತ್ತು. ನುಂಗಿದೆ. ಗಾಜು ಇಳಿಸಿ ಪಾನ್ ಅಂಗಡಿಯವನನ್ನು ಕೇಳಿದೆ, ಸೈಕಲ್ ಹುಡುಗಿಯನ್ನು ಕೇಳಿದೆ, ಬಿಸಿಲಿಗೆ ತಲೆಗೆ ದುಪಟ್ಟಾ ಸುತ್ತಿಕೊಂಡ ಒಬ್ಬ ಅಜ್ಜನನ್ನು ಕೇಳಿದೆ. ಇಬ್ಬರು ಎಡಕ್ಕೆ ಅಂದರು.

ಹಿಂದಿನ ಸೀಟಿನಲ್ಲಿ ಕೈಯೊಂದು ಅಪ್ಪನ ಮಡಿಲಿನಿಂದ ಇಟಲಿಯನ್ನು ಎತ್ತಿಕೊಂಡಿತು. ಚಾಕ್‌ಪೀಸು ಕಾಗದದ ಮೇಲೆ ಉಜ್ಜಿದ ಸದ್ದು. ತಿರುಗಿ ನೋಡಿದೆ. ಸೊನ್ನೆ ಅಲ್ಲೇ ಇತ್ತು, ಅದರ ಪಕ್ಕ ಈಗ ಒಂದು ½.

"ಕೇಳಿದ್ದಕ್ಕ," ಎಂದಳು ಅಜ್ಜಿ.

"ಇದೇನ್ ಅನ್ಯಾಯ ಅವ್ವಾ!" ಅಪ್ಪ ಸೀಟಿನಿಂದ ಅರ್ಧ ಎದ್ದ. "ನಂಗ ಅರ್ಧಾ ಸಿಗ್ಲಿಕ್ಕೆ ಮೂವತ್ತೆರಡು ವರ್ಷ ಹಿಡೀತು!"